ಉಳಿದ ಒಂದು ‘ಬೇಡ’

ಆ ಸಕ್ಕರೆ ಕಾರ್ಖಾನೆಯ ಕಬ್ಬು ಅರೆಯುವ ಯಂತ್ರಕ್ಕೆ ಸಾಫ್ಟ್‌ವೇರ್ ಬರೆದವನು ನಾನೇ. ದುರಸ್ತಿಗೆ ಯಂತ್ರದೊಳಗೆ ಇಳಿಯುವವನು ತನ್ನ ಕಾರ್ಡು ತೋರಿಸಿದರೆ ‘ಬೇಡ’ ಎಂದು ದಾಖಲಾಗುತ್ತದೆ. ಹೊರಗೆ ಬಂದು ಮತ್ತೆ ತೋರಿಸಿದರೆ ಅದು ಅಳಿಯುತ್ತದೆ. ಹತ್ತು ಜನ ‘ಹೂಂ’ ಎಂದರೂ ಒಂದೇ ಒಂದು ‘ಬೇಡ’ ಉಳಿದಿದ್ದರೆ ಯಂತ್ರ ತಿರುಗುವುದಿಲ್ಲ.

ಅಂದು ಮಧ್ಯಾಹ್ನ ಒಂದು ಉಳಿದಿತ್ತು.

“ಯಾರದ್ರೀ ಅದು?” ಮ್ಯಾನೇಜರ್ ಸಿಡುಕಿದರು.

“ಬಾಳಪ್ಪಂದ್ರಿ,” ಎಂದ ಫೋರ್‌ಮನ್. “ಊಟಕ್ಕ ಹೋಗಿರ್ತಾನ್ರಿ. ಹೊರಗ ಬಂದ ಮ್ಯಾಲೆ ಕಾರ್ಡ್ ತೋರ್ಸೂದು ಮರಿಯೂದು ಅವನ ಚಾಳಿ.”

“ಅಲ್ಲಿ ಐವತ್ತು ಟ್ರ್ಯಾಕ್ಟರ್ ಕಬ್ಬು ಒಣಗಾಕತ್ತೈತಿ! ನಿಯಮ ಬದಲ್ ಮಾಡ್ರಿ. ನಾ ಹೂಂ ಅಂದ್ರ ಯಾರ ಬೇಡಾನೂ ನಡೀಬಾರ್ದು.”

“ಒಳಗೆ ಒಂದ್ಸಲ ನೋಡ್ಬಿಡೋಣ ಸರ್,” ಎಂದೆ.

“ನೋಡೂದು ಏನೈತ್ರಿ? ಮೊದ್ಲ ಬದಲ್ ಮಾಡ್ರಿ.”

ಒಂದೇ ಸಾಲು ಬದಲಿಸಿದೆ. ಯಂತ್ರ ತಿರುಗಿತು.

ಕೈ ತೊಳೆದುಕೊಂಡು ಊಟದ ಕೋಣೆಗೆ ಹೋದೆ. ಕೆಲಸಗಾರರೆಲ್ಲ ಉಂಡು ಏಳುತ್ತಿದ್ದರು. ಒಬ್ಬ ಬೆಂಚಿನ ಮೇಲಿದ್ದ ಬುತ್ತಿಗಂಟನ್ನು ಎತ್ತಿ ತೋರಿಸಿದ.

“ಬಾಳಪ್ಪ ಎಲ್ಲದಾನ್ರಿ ಸರ? ಅವನ ಬುತ್ತಿ ಇನ್ನೂ ಬಿಚ್ಚಿಲ್ಲ.”