ಮೂರನೆಯ ಅಭಿಪ್ರಾಯ

ಮೂರನೆಯವನು ಎಡಕ್ಕೆ ಎಂದ. ಬೀಗ ರಿಪೇರಿಯವನು, ಕೈಯಲ್ಲಿದ್ದ ಅರದಿಂದಲೇ ದಿಕ್ಕು ತೋರಿಸಿದ. ಹಡಗಿನ ಧಕ್ಕೆಗೆ ದಾರಿ ಯಾವುದೆಂದು ಮೊದಲು ಕೇಳಿದಾಗ ಹೂ ಮಾರುವವಳು ನೇರ ಎಂದಿದ್ದಳು, ಆಮೇಲೆ ಸಿಕ್ಕ ಅಂಚೆಯವನು ಬಲಕ್ಕೆ ಎಂದಿದ್ದ. ಗಂಡ ಮೂರನ್ನೂ ಜೇಬಿನ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು, ಪೆನ್ನಿನ ತುದಿ ಕಚ್ಚುತ್ತ ನಿಂತ. ಹೆಂಡತಿ ಸೂಟ್‌ಕೇಸಿನ ಮೇಲೆ ಕೂತುಬಿಟ್ಟಳು. ಹಳೆಯ ಬಂದರು ಪಟ್ಟಣ. ಒಳಗೆ ಗಾಡಿ ಬಿಡುವುದಿಲ್ಲ, ಬೀದಿಗೆಲ್ಲ ಉರುಟು ಕಲ್ಲು. ಸೂಟ್‌ಕೇಸಿನ ಒಂದು ಗಾಲಿ ಆಗಲೇ ಸೊಟ್ಟಗಾಗಿತ್ತು.

“ಮೂರೂ ಬೇರೆ ಬೇರೆ,” ಎಂದ ಗಂಡ. “ಇದರ ಮೇಲೆ ಯಾವ ತೀರ್ಮಾನಕ್ಕೂ ಬರೋಕಾಗಲ್ಲ.”

“ಹಡಗು ಹೊರಡೋಕೆ ನಿಮ್ಮ ತೀರ್ಮಾನ ಬೇಕಾಗಿಲ್ಲ. ಮೂರು ಗಂಟೆಗೆ ಗೇಟು ಮುಚ್ತಾರೆ. ಈಗ ಎರಡು ಹತ್ತು.”

“ಎರಡು ಎಂಟು. ನಿನ್ನ ವಾಚು ಎರಡು ನಿಮಿಷ ಮುಂದಿದೆ.”

ಮೂವತ್ತನಾಲ್ಕು ವರ್ಷ ಅವನು ತೂಕ-ಅಳತೆಯ ಪ್ರಯೋಗಾಲಯದಲ್ಲಿದ್ದವನು. ಒಂದೊಂದು ತೂಕದ ಕಲ್ಲನ್ನೂ ಮೂರು ಸಲ ತೂಗುವುದು. ಎರಡಾದರೂ ತಾಳೆಯಾದರೆ ಮಾತ್ರ ಮುದ್ರೆ. ಕಲ್ಲಿಗೆ ಅದು ಸರಿಯೇ. ನಿವೃತ್ತಿಯಾದ ಮೇಲೆ ತೂಗಲು ಕಲ್ಲು ಸಿಗದೆ ಜಗತ್ತನ್ನೇ ತಕ್ಕಡಿಗೆ ಹಾಕತೊಡಗಿದ್ದ. ಬಾಗಿಲ ಬೀಗವನ್ನು ಮೂರು ಸಲ ಜಗ್ಗಬೇಕು, ಔಷಧಿ ಅಂಗಡಿಯವನ ಮಾತನ್ನು ಇನ್ನೆರಡು ಅಂಗಡಿಯಲ್ಲಿ ವಿಚಾರಿಸಬೇಕು. ಇವತ್ತು ಬೆಳಿಗ್ಗೆ ಹೋಟೆಲಿನ ಕೋಣೆಯಲ್ಲಿ ಒಮ್ಮೆ, ಲಿಫ್ಟಿನಲ್ಲಿ ಒಮ್ಮೆ ಪಾಸ್‌ಪೋರ್ಟ್ ತೆಗೆದು ನೋಡಿದ್ದ. “ನಿನ್ನದೂ ಕೊಡು, ನೋಡಿಬಿಡ್ತೀನಿ,” ಎಂದಾಗ ಅವಳು ಸೊಂಟದ ಚೀಲದ ಜಿಪ್ಪಿನ ಮೇಲೆ ಅಂಗೈ ಒತ್ತಿಕೊಂಡು, “ನನ್ನದು ನನ್ನ ಹತ್ರಾನೇ ಇರ್ಲಿ,” ಎಂದಿದ್ದಳು.

“ಇನ್ನು ಮೂರು ಜನರನ್ನ ಕೇಳಿದ್ರೆ...” ಎಂದು ಗಂಡ ಶುರು ಮಾಡಿದ.

ಅವಳು ಎದ್ದಳು. ಮೂವತ್ತೊಂದು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವಳು. ಬೀದಿಯ ನಡುವೆ ಕಲ್ಲಿನ ಚರಂಡಿ ಹರಿಯುತ್ತಿತ್ತು. ಅದರಲ್ಲಿ ಒಂದು ಒಣ ಎಲೆ ತೇಲಿಕೊಂಡು ಇಳಿಯುತ್ತಿತ್ತು. “ಆ ಎಲೆ ಯಾರನ್ನೂ ಕೇಳ್ತಿಲ್ಲ ನೋಡಿ,” ಎಂದು ಅದರ ಹಿಂದೆಯೇ ಸೂಟ್‌ಕೇಸನ್ನು ದಡದಡ ಎಳೆದುಕೊಂಡು ಹೊರಟಳು. ಒಂದೇ ಆಧಾರ, ಅದೂ ಎಲೆ, ಎಂದು ಗೊಣಗುತ್ತ ಅವನೂ ಹಿಂದೆ ಬಂದ. ಕೆಳಗೆ ಧಕ್ಕೆಗೆ ಬಂದಾಗ ಎರಡೂಮುಕ್ಕಾಲಿಗೆ ಇನ್ನೂ ಐದು ನಿಮಿಷವಿತ್ತು. ಅಲ್ಲಿ ನಿಂತು ನೋಡಿದರೆ, ಮೇಲಿನಿಂದ ಇಳಿದ ಓಣಿಗಳೆಲ್ಲ ಒಂದೇ ಕಡೆ ಬಂದು ಸೇರಿದ್ದವು. ನೇರ, ಎಡ, ಬಲ, ಮೂವರು ಹೇಳಿದ್ದೂ ಸರಿಯೇ.

ಎದುರಿಗೆ ಹಡಗು, ಬಿಳಿ ಬಣ್ಣದ ಬೀದಿಯೊಂದನ್ನು ಎತ್ತಿ ನಿಲ್ಲಿಸಿದ ಹಾಗೆ. ಅವಳಿಗೆ ಅದರ ಊಟ, ಆಟ ಯಾವುದೂ ಬೇಕಿರಲಿಲ್ಲ. ಕ್ಷಿತಿಜ ಎಂದರೆ ಪೂರ್ತಿ ವೃತ್ತ ಮಕ್ಕಳೇ, ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಸುತ್ತಿ ತೋರಿಸಿದ್ದಳು. ಸುತ್ತ ಎಲ್ಲೂ ದಡ ಕಾಣದ ಆ ವೃತ್ತದ ನಡುವೆ ಒಂದು ಸಲ ತಾನೇ ನಿಲ್ಲಬೇಕಿತ್ತು.

ಗೇಟಿನಲ್ಲಿದ್ದ ಅಧಿಕಾರಿಣಿ ಅವಳ ಪಾಸ್‌ಪೋರ್ಟ್ ನೋಡಿ ಹಿಂದಕ್ಕೆ ಕೊಟ್ಟಳು. ಗಂಡನ ಕಡೆ ಕೈಚಾಚಿದಳು.

ಗಂಡ ಅಂಗಿಯ ಜೇಬು ನೋಡಿದ. ಕೋಟಿನ ಒಳಜೇಬು ನೋಡಿದ. ಚೀಲ ನೋಡಿದ. ಮತ್ತೆ ಅದೇ ಕ್ರಮದಲ್ಲಿ ಇನ್ನೆರಡು ಸಲ ನೋಡಿದ.

“ಮೂರನೇ ಸಲ ಚೆಕ್ ಮಾಡಿದ್ದು ಎಲ್ಲಿ?” ಎಂದಳು ಹೆಂಡತಿ. ಅವಳ ದನಿ ಏರಲಿಲ್ಲ.

“ಹೋಟೆಲಿನ ಕೌಂಟರಿನಲ್ಲಿ. ಟಿಕೆಟಿನ ನಂಬರಿಗೂ ಅದಕ್ಕೂ ತಾಳೆ ನೋಡಿದೆ. ಸರಿ ಇತ್ತು.” ಆಮೇಲೆ, “ಹೂದಾನಿಯ ಎಡಕ್ಕೆ ಇಟ್ಟೆ,” ಎಂದ.

ಹೋಟೆಲು ಗುಡ್ಡದ ನೆತ್ತಿಯಲ್ಲಿ. ಹತ್ತಿ ಇಳಿಯಲು ಎಷ್ಟು ಬೇಗ ನಡೆದರೂ ಒಂದು ಗಂಟೆಗೆ ಕಡಿಮೆಯಿಲ್ಲ. ಅವಳಿಗೆ ಇಪ್ಪತ್ತಾರು ವರ್ಷದ ಹಿಂದಿನ ಆ ಗ್ರಹಣ ನೆನಪಾಯಿತು. ಎರಡು ದಿನ ರೈಲಿನಲ್ಲಿ ಕೂತು ನೋಡಲು ಹೋಗಿದ್ದು. ಸೂರ್ಯ ಪೂರ್ತಿ ಮರೆಯಾಗುವುದು ಎರಡು ನಿಮಿಷ ಹನ್ನೊಂದು ಸೆಕೆಂಡು. ಅಷ್ಟೂ ಹೊತ್ತು ಅವನು ದೂರದರ್ಶಕದ ಮುಕ್ಕಾಲಿ ಮಟ್ಟಸವಾಗಿದೆಯೇ ಎಂದು ಬಗ್ಗಿ ನೋಡುತ್ತಿದ್ದ. ಅವಳು ಬಗ್ಗಿ ಅವನಿಗೆ ಟಾರ್ಚು ಹಿಡಿದಿದ್ದಳು. ತಲೆ ಎತ್ತುವಷ್ಟರಲ್ಲಿ ಬೆಳಕಾಗಿತ್ತು.

“ನಾನೊಬ್ಬಳೇ ಹತ್ತಬಹುದಾ?” ಎಂದು ಅವಳು ಅಧಿಕಾರಿಣಿಯನ್ನು ಕೇಳಿದಳು.

“ಹತ್ತಬಹುದಲ್ಲಮ್ಮ. ನಿಮ್ಮದೆಲ್ಲ ಸರಿ ಇದೆ. ಅವರು ನಾಡಿದ್ದು ಮುಂದಿನ ಬಂದರಿಗೆ ರೈಲಲ್ಲಿ ಬಂದು ಹತ್ಕೊಳ್ಳಲಿ.”

ಗಂಡ ಆಗಲೇ ಪುಟ್ಟ ಪುಸ್ತಕ ಬಿಡಿಸಿದ್ದ. “ತಡಿ,” ಎಂದ. “ಇವರೊಬ್ಬರು ಹೇಳಿದ್ರೆ ಸಾಲದು. ಇನ್ನಿಬ್ಬರನ್ನ ಕೇಳೋಣ.”

ಅವಳು ಬಗ್ಗಿ ಸೂಟ್‌ಕೇಸಿನ ಹೊರಜೇಬಿನಿಂದ ಅವನ ಬಿ.ಪಿ. ಮಾತ್ರೆಯ ಡಬ್ಬಿ ತೆಗೆದು, ಬಿಡಿಸಿದ ಪುಟದ ಮೇಲೆ ಇಟ್ಟಳು. “ಬೆಳಿಗ್ಗೆ ಒಂದು, ರಾತ್ರಿ ಒಂದು. ನೀವು ಕೇಳ್ಕೊಂಡು ಬನ್ನಿ,” ಎಂದಳು.

ಸೊಟ್ಟ ಗಾಲಿ ಹಡಗಿನ ಏಣಿಹಲಗೆಯ ಮೇಲೆ ಕಿರ್ರೆನ್ನುತ್ತ ಏರತೊಡಗಿತು. ಹಿಂದಿನಿಂದ, ಅವನು ಯಾರನ್ನೋ ತಡೆದು, “ಒಂದು ನಿಮಿಷ, ಒಂದು ವಿಷಯ ಕೇಳಬೇಕಿತ್ತು,” ಎನ್ನುವುದು ಅವಳಿಗೆ ಕೇಳಿಸಿತು.