ಜಾಜಿ ಎಲೆಯ ಮದ್ದು

"ಬಾಯಿ ತೆಗೀರಿ ಅಂದ್ರೆ ತೆಗೀಬೇಕು!" ನಾಗವೇಣಿ ಗಂಡನ ಗದ್ದ ಹಿಡಿದು ಗದರಿದಳು. ಜಾಜಿ ಎಲೆಯನ್ನು ತುಪ್ಪದಲ್ಲಿ ಬಾಡಿಸಿ ಅರೆದ ಮದ್ದು ಅವಳ ಬೆರಳಿನಿಂದ ಅವನ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು.

ಹಾಲೇಶಪ್ಪನ ಬಾಯಿಹುಣ್ಣಿಗೆ ಅವಳು ಮಾಡದ ಔಷಧಿ ಇರಲಿಲ್ಲ. ಸೀಬೆ ಚಿಗುರು ಅಗಿಸಿದ್ದಳು, ಬಸಳೆ ತಂಬುಳಿ ಕುಡಿಸಿದ್ದಳು. ಈ ಜಾಜಿ ಎಲೆಗೆಂದೇ ಭದ್ರಾವತಿಯಿಂದ ಬಸ್ಸು ಹತ್ತಿ ಮಲವಗೊಪ್ಪದ ಅಕ್ಕನ ಮನೆಗೆ ಹೋಗಿ ಬಂದಿದ್ದಳು. ಅವನೋ, ಪ್ರತಿ ಸಲವೂ ಬಾಯಿ ಕಹಿಯಾಯಿತೆಂದು ಮದ್ದಿನ ಹಿಂದೆಯೇ ಒಂದು ಅಡಿಕೆ ಹೋಳನ್ನು ದವಡೆಗೆ ಒತ್ತರಿಸಿಕೊಳ್ಳುತ್ತಿದ್ದ.

"ಹುಣ್ಣಿಗೆ ಮದ್ದು ಹಚ್ಚಿ, ಅದರ ಮೇಲೆ ಅಡಿಕೆ ಜಗಿಯೋರು ಊರಲ್ಲಿ ನೀವೊಬ್ರೇ ಮಾರಾಯ್ರೇ! ಈಗ ನೋಡಿದ್ರೆ ಚಿಕ್ಕ ಮಕ್ಕಳ ಹಾಗೆ ಹಲ್ಲು ಕಚ್ಕೊಂಡು ಕೂತಿದೀರಿ. ನನಗೇನು ಬೇರೆ ಕೆಲಸ ಇಲ್ವಾ?" ಎನ್ನುತ್ತ ಎರಡು ಬೆರಳು ತೂರಿಸಲು ಹೋದಳು. ಹಲ್ಲಿಗೆ ತಗಲಿ ನಿಂತವು. ಒಂದೇ ಬೆರಳು ತೂರಿಸಿದಳು. ಅದೂ ಗೆಣ್ಣಿನವರೆಗೆ ಹೋಗಿ ಸಿಕ್ಕಿಕೊಂಡಿತು.

"ಹಠ ಸಾಕು ರೀ, ಅಗಲ ತೆಗೀರಿ!"

ಹಾಲೇಶಪ್ಪನ ಕುತ್ತಿಗೆಯ ನರಗಳು ಉಬ್ಬಿದವು, ಕಣ್ಣಲ್ಲಿ ನೀರು ತುಂಬಿತು. ಅವಳ ಬೆರಳನ್ನು ಮೆಲ್ಲಗೆ ಸರಿಸಿ ಹೇಳಿದ:

"ಪೂರ್ತಿ ತೆಗ್ದಿದೀನಿ ಕಣೇ."