ಮನುಷ್ಯರಿಲ್ಲದ ಕಡಲು

ಟಿವಿಯಲ್ಲಿ ಕಡಲು ಕಾಣಿಸಿದ್ದೇ ರಹಮತ್ ಬಿ ಎದ್ದು ನಿಂತರು. ಸೊಸೆ ಸುಮಯ್ಯ ಚಾಪೆಯ ಮೇಲೆ ಸರಿದು ಜಾಗ ಮಾಡಿದರೂ ಕೂರಲಿಲ್ಲ. ಬಾಗಿಲ ತನಕ ಹೋದರು, ಹಿಂದಕ್ಕೆ ಬಂದರು, ಮತ್ತೆ ಬಾಗಿಲಿಗೆ ಹೋದರು. ಮಗ ವಾಸಿಫ್ ಗೋಡೆಗೊರಗಿ ಕೂತು ರಿಮೋಟನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದ.

ಎಲ್ಲೋ ದೂರದ ದ್ವೀಪವೊಂದರ ಸುತ್ತ ಬೆಳೆದ ಹವಳದ ದಿಬ್ಬದ ಸಾಕ್ಷ್ಯಚಿತ್ರ ಅದು. ಅದನ್ನು ತೆಗೆದವರ ಹಡಗಿನಲ್ಲಿ ವಾಸಿಫ್ ಅಡುಗೆಯವನಾಗಿದ್ದ. ಅವನು ಅಲ್ಲಿದ್ದಾಗಲೇ, ಹೋದ ವರ್ಷ, ಇಲ್ಲಿ ಶಿರಾದಲ್ಲಿ ಅವನ ಅಬ್ಬಾ ಶಫೀವುಲ್ಲಾ ಎದೆನೋವೆಂದು ಮಲಗಿದವರು ಏಳಲಿಲ್ಲ. ಮಗ ಮನೆ ಸೇರುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಸಂಬಳ ಬಿಟ್ಟು ಬರಲು ಮನಸ್ಸಾಗಲಿಲ್ಲವೆಂದು ಬೀದಿಯವರು ಆಡಿಕೊಂಡರು. ರಹಮತ್ ಬಿ ಅದನ್ನು ನಂಬಿದರೋ ಇಲ್ಲವೋ, ಅಂದಿನಿಂದ ಮಗನ ಹತ್ತಿರ ನೇರವಾಗಿ ಮಾತಾಡುವುದನ್ನೇ ಬಿಟ್ಟಿದ್ದರು.

"ಇದೇನಾ ಆ ಜಾಗ?" ಸೊಸೆಯನ್ನು ಕೇಳಿದರು.

"ಹೂಂ ಅಮ್ಮೀ, ಇದೇ ಅಂತೆ."

ತಿಳಿನೀರಿನಡಿ ಜಿಂಕೆಕೊಂಬಿನಂಥ ಹವಳ. ಅದರ ಸಂದಿಯಿಂದ ಹಳದಿ ಮೀನುಗಳ ಹಿಂಡು ಹೊರಬಂದು ಚದುರಿತು.

"ದುಬೈಯಿಂದ ನಮ್ಮಣ್ಣನ ಮಗ ಅಕ್ರಂ ಮಾರನೇ ದಿನಕ್ಕೇ ಬಂದ. ಗೌಡಗೆರೆಯ ಚಿಕ್ಕಪ್ಪನೋರು ಮಂಡಿನೋವಲ್ಲೂ ಬಂದು ಮಣ್ಣು ಹಾಕುದ್ರು," ರಹಮತ್ ಬಿ ಬಾಗಿಲ ಕಡೆ ಮುಖ ಮಾಡಿ ಹೇಳಿದರು. "ಹೆತ್ತ ಮಗ ಮೀನು ನೋಡ್ಕೊಂಡಿದ್ದ."

"ಅಮ್ಮೀ, ಎಷ್ಟು ಸಲ ಹೇಳ್ಲಿ..." ವಾಸಿಫ್ ಏಳಲು ಹೋದ. ಸುಮಯ್ಯ ಅವನ ಮೊಣಕೈ ಹಿಡಿದಳು.

ಟಿವಿಯ ದನಿ ಒಂದೇ ಸಮನೆ ಹೇಳುತ್ತಿತ್ತು: "ಇಲ್ಲಿಗೆ ವಿಮಾನವಿಲ್ಲ. ಹತ್ತಿರದ ಬಂದರಿನಿಂದ ಹಡಗಿನಲ್ಲಿ ಎಂಟು ದಿನದ ಹಾದಿ. ಮನುಷ್ಯರ ಸುಳಿವೇ ಇಲ್ಲದ್ದರಿಂದ ಈ ಮೀನುಗಳಿಗೆ ಮನುಷ್ಯರ ಭಯವೂ ಗೊತ್ತಿಲ್ಲ." ಕ್ಯಾಮೆರಾ ಮೇಲೆ ಮೇಲೆ ಏರಿತು. ದ್ವೀಪ ಕಡಲೆಬೀಜದಷ್ಟಾಯಿತು, ಸಾಸಿವೆಯಷ್ಟಾಯಿತು, ಆಮೇಲೆ ಕಾಣಲೇ ಇಲ್ಲ. ಬರೀ ನೀರು ಉಳಿಯಿತು.

ಬಾಗಿಲ ಬಳಿ ಹೆಜ್ಜೆಯ ಸದ್ದು ನಿಂತಿತು.

"ಏನಂದ ಅವ್ನು? ಎಂಟು ದಿನಾನಾ?"

"ಹೋಗಕ್ಕೇ ಅಷ್ಟು," ಎಂದ ವಾಸಿಫ್. "ಕೆಲಸ ಮುಗಿಯೋ ತನಕ ಒಬ್ಬನಿಗೋಸ್ಕರ ಹಡಗು ತಿರುಗ್ಸಲ್ಲ ಅಂದ್ರು."

ರಹಮತ್ ಬಿ ನಿಧಾನವಾಗಿ ಬಂದು ಚಾಪೆಯ ಮೇಲೆ, ಮಗನ ಪಕ್ಕದಲ್ಲಿ ಕೂತರು. ಆ ನೀರನ್ನೇ ನೋಡುತ್ತಿದ್ದರು. ಎಲ್ಲಿ ನೋಡಿದರೂ ಅದಕ್ಕೊಂದು ಅಂಚಿರಲಿಲ್ಲ.

"ಸುದ್ದಿ ಬಂದಾಗ ನಿನ್ನ ಹತ್ರ ಯಾರಿದ್ರು ಬೇಟಾ?"

ವಾಸಿಫ್ ಹೇಳಿದ, "ಯಾರೂ ಇರ್ಲಿಲ್ಲ. ಶೂಟಿಂಗ್‌ನೋರೆಲ್ಲ ನೀರಿಗೆ ಇಳ್ದಿದ್ರು. ಕ್ಯಾಪ್ಟನ್ನು ಅಡುಗೆಕೋಣೆ ಬಾಗಿಲಲ್ಲಿ ನಿಂತು ಹೇಳಿ ಹೋದ."

"ಆಮೇಲೆ? ಏನ್ ಮಾಡ್ದೆ ನೀನು?"

ವಾಸಿಫ್ ರಿಮೋಟನ್ನು ಕೆಳಗಿಟ್ಟ.

"ಅನ್ನ ಒಲೆ ಮೇಲಿತ್ತು ಅಮ್ಮೀ. ಬಸ್ದೆ. ಅವ್ರು ಮೇಲೆ ಬಂದಾಗ ಎಲ್ರಿಗೂ ಬಡಿಸ್ದೆ."